ಕಾವೂ ಕಾವಲೂ

ನೀರಿನಲ್ಲಿಯೇ ಹುಟ್ಟಿ ನೀರಿನಲ್ಲಿಯೇ ಬಾಳುವ ಮೀನಿಗೆ ಚಳಿಯಾಗುವುದುಂಟೆ ಎಂದು ಕೇಳಿದರೆ ನಗದಿರುವವರು ವಿರಳ. ಮೀನಿನ ಮರಿಗೆ ಈಜು ಕಲಿಸಬೇಕೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮೀನಿಗೆ ನೀರು ಕಾಯಿಸಿಕೊಡಬೇಕೆಂಬ ಮಾತನ್ನು ಕೇಳಿದವರು ಕಡಮೆ. ಆದರೆ ಈ ಕಾಲದಲ್ಲಿ ಅನೇಕ ಗೃಹಸ್ಥರ ನಡುಮನೆಗಳಲ್ಲಿ ಗಾಜಿನ ತೊಟ್ಟಿಯೊಂದು ನೆಲೆಸಿ, ಅದರೊಳಗೆ ದೇಶಾಂತರದ ಮೀನುಗಳು ಆಡುತ್ತಿರುವುದರಿಂದ, ನಗೆಯ ಮಾತೇ ಧರ್ಮದ ಮಾತಾಗಿ ಪರಿಣಮಿಸಿದೆ. ಅದನ್ನು ಕುರಿತು ನನ್ನ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇನೆ.

ಹೊರಗೆ ಚಳಿಯಿರಲಿ ಸೆಕೆಯಿರಲಿ, ಮನುಷ್ಯನ ಮೈ ಸುಮಾರು 37 ಡಿಗ್ರಿ ಸೆಂಟಿಗ್ರೇಡಿನ ಕಾವನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸಮುದ್ರದ ಕೆಲವು ಮೀನುಗಳನ್ನು ಬಿಟ್ಟರೆ ಮತ್ಸ್ಯಜಾತಿಗೆ ಈ ಶಕ್ತಿಯಿಲ್ಲ. ನೀರಿನ ಕಾವೇ ಅವುಗಳ ಮೈಯ ಕಾವು. ನೀರು ತಣ್ಣಗಾದರೆ ಜೀರ್ಣಶಕ್ತಿಯೂ ರೋಗವನ್ನು ತಡೆಯುವ ಬಲವೂ ಕುಗ್ಗುತ್ತವೆ. ನೀರು ಕಾದರೆ ಉಸಿರು, ಹಸಿವು, ಚಲನೆ ಎಲ್ಲವೂ ತ್ವರಿತವಾಗುತ್ತವೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ವಾಚಕರು ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಬಳಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿಯೇ ಇರುತ್ತಾರೆ. ಆ ಮೀನುಗಳಿಗೆ ಯಾವ ಯಂತ್ರವೂ ಬೇಡ. ಹೊಳೆಯ ನೀರು ಅಪಾರ. ಹಗಲಿನ ಬಿಸಿಲಾಗಲಿ ಇರುಳಿನ ಮಂಜಾಗಲಿ ಅದನ್ನು ಥಟ್ಟನೆ ಬದಲಾಯಿಸಲಾರದು. ಒಂದೆಡೆ ಹಿತವಿಲ್ಲದಿದ್ದರೆ ಮೀನು ಮಡುವಿಗೆ ಇಳಿಯಬಹುದು, ಹರಿವಿಗೆ ಏರಬಹುದು. 100 ಲೀಟರಿನ ಗಾಜಿನ ತೊಟ್ಟಿಯಲ್ಲಿ ಮಡುವೂ ಇಲ್ಲ, ಹರಿವೂ ಇಲ್ಲ. ಓಡಿಹೋಗಲು ಎಡೆಯೂ ಇಲ್ಲ. ಹೊಳೆ ಮಾಡುತ್ತಿದ್ದ ಕೆಲಸವನ್ನು ಮನೆಯವರು ಮಾಡಬೇಕು.

ನಮ್ಮ ಮನೆಯ ತೊಟ್ಟಿ ನನ್ನ ಮೊಮ್ಮಗಳದು. ವ್ಯಾಸಂಗಕ್ಕಾಗಿ ಮೈಸೂರಿಗೆ ಹೊರಟಾಗ ಅವಳು, "ತಾತ, ಇನ್ನು ಇವಕ್ಕೆ ನೀವೇ ಗತಿ" ಎಂದು ಹೇಳಿ ಅದನ್ನು ನಮ್ಮ ವಶಕ್ಕೆ ಒಪ್ಪಿಸಿದಳು. ಅದರಲ್ಲಿದ್ದುವು ಹನ್ನೆರಡು ನಿಯಾನ್ ಟೆಟ್ರಾಗಳು, ನಾಲ್ಕು ಕೋರಿಡೋರಾಸ್. ಮೊದಲನೆಯವು ಒಂದೂವರೆ ಅಂಗುಲವನ್ನು ಮೀರದ ಪುಟ್ಟ ಮೀನುಗಳು. ಪಕ್ಕದಲ್ಲಿ ನೀಲಮಣಿಯನ್ನು ತೇಯ್ದು ಎಳೆದಂತೆ ಒಂದು ಗೆರೆ, ಅದರ ಕೆಳಗೆ ಬಾಲದವರೆಗೆ ಕೆಂಪು. ಪೆರು, ಕೊಲಂಬಿಯಾ, ಬ್ರೆಜಿಲ್ ದೇಶಗಳಲ್ಲಿ ಅಮೆಜಾನ್ ಮಹಾನದಿಗೆ ಸೇರುವ ಉಪನದಿಗಳು ಇವುಗಳ ತವರು. ಶಾಸ್ತ್ರಜ್ಞರು ಇವಕ್ಕೆ ನಾಮಕರಣ ಮಾಡಿದ್ದು 1936ರಲ್ಲಿ. ಕೋರಿಡೋರಾಸ್ ಕೂಡ ದಕ್ಷಿಣ ಅಮೆರಿಕದ್ದೇ. ಮೀಸೆಗಳಿಂದ ಮರಳನ್ನು ಕೆದಕುತ್ತಾ ತಳದಲ್ಲಿರುವ ಸಾಧುಪ್ರಾಣಿ. ಎರಡಕ್ಕೂ 24-25 ಡಿಗ್ರಿಯ ನೀರು ಹಿತ. ಪುಷ್ಯಮಾಸದಲ್ಲಿ ನಮ್ಮೂರಿನ ಇರುಳಿನ ಚಳಿ ಮನೆಯೊಳಗಿನ ನೀರನ್ನೂ ಅದಕ್ಕಿಂತ ಬಹಳ ಕೆಳಗೆ ಇಳಿಸುತ್ತದೆ. ಆದುದರಿಂದಲೇ ಹೀಟರಿನ ಆವಶ್ಯಕತೆ.

ಈ ಹೀಟರು ಗಾಜಿನ ಕೊಳವೆಯೊಂದರಲ್ಲಿ ಅಡಗಿಸಿದ ಕಾಯುವ ತಂತಿ. ಅದರ ಜೊತೆಗೆ ಒಂದು ಸಣ್ಣ ನಿಯಾಮಕವಿದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ ಅದು. ಕಾವು ಏರಿದಾಗ ಒಂದು ಲೋಹ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ವಿದ್ಯುತ್ತಿನ ದಾರಿಯನ್ನು ಕಡಿಯುತ್ತದೆ; ತಣ್ಣಗಾದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬಾತನು ನಾವಿಕರ ಗಡಿಯಾರಕ್ಕಾಗಿ ಕಲ್ಪಿಸಿದ ಉಪಾಯವಿದು. ಯುಕ್ತಿಯೇನೋ ಸೊಗಸಾದದ್ದು. ಆದರೆ ಕೂಡುವಾಗಲೂ ಅಗಲುವಾಗಲೂ ಸಂಧಿಸ್ಥಾನದಲ್ಲಿ ಕಿಡಿ ಹಾರುತ್ತದೆ; ಹೀಗೆ ಸಹಸ್ರಾರು ಸಲವಾದ ಮೇಲೆ ಎಂದೋ ಒಂದು ದಿನ ಆ ತುದಿಗಳು ಬೆಸೆದುಕೊಂಡು ಅಗಲದೆ ಉಳಿಯಬಹುದು. ಆಗ ನಿಯಾಮಕವಿದ್ದೂ ಇಲ್ಲದಂತೆಯೇ. ಹೀಟರು ಕಾಯುತ್ತಲೇ ಹೋಗುತ್ತದೆ.

ಕಳೆದ ಪುಷ್ಯಮಾಸದಲ್ಲಿ ನಮ್ಮಲ್ಲಿ ನಡೆದುದು ಇದೇ. ತೊಟ್ಟಿಯೊಡನೆ ಅಂಗಡಿಯವರು ಕೊಟ್ಟಿದ್ದುದು 200 ವಾಟಿನ ಹೀಟರು. ರಾತ್ರಿ ಒಂಬತ್ತು ಗಂಟೆಗೆ ಉಷ್ಣಮಾಪಕವನ್ನು ನೋಡಿದಾಗ 25 ಡಿಗ್ರಿಯಿದ್ದ ನೀರು, ಬೆಳಗಿನ ಆರು ಗಂಟೆಗೆ 33 ಆಗಿದ್ದಿತು. ಹೀಟರಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇದ್ದಿತು. ಟೆಟ್ರಾಗಳ ಗುಂಪು ಚದರಿ, ಒಂದೊಂದೂ ಒಂದೊಂದು ಮೂಲೆಯಲ್ಲಿ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ತೇಗುಸಿರು ಬಿಡುತ್ತಿದ್ದುವು. ಎಂದೋ ಒಮ್ಮೆ ಮೇಲೆದ್ದು ಗಾಳಿ ನುಂಗಿ ಹೋಗುವುದು ಕೋರಿಡೋರಾಸ್‌ಗಳ ಸ್ವಭಾವ. ಅಂದು ಬಿಡುವಿಲ್ಲದೆ ಏರಿ ಇಳಿಯುತ್ತಿದ್ದುವು.

ಇಲ್ಲಿ ಮೀನನ್ನು ಪೀಡಿಸುವುದು ಬರಿಯ ಕಾವಲ್ಲ, ಉಸಿರಿನ ಬರ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಒಂದು ಲೀಟರು ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲುದು. 33 ಡಿಗ್ರಿಯಲ್ಲಿ ಸುಮಾರು 7.2 ಮಾತ್ರ. ನಮ್ಮ ಮಲೆನಾಡಿನ ಎತ್ತರದಲ್ಲಿ ಇನ್ನೂ ಕಡಮೆ. ಅತ್ತ ಕಾವೇರಿದ ಮೈ ಕೇಳುವುದು ಹೆಚ್ಚು ಆಮ್ಲಜನಕವನ್ನು. ಆದಾಯ ಇಳಿಯುವಾಗಲೇ ಖರ್ಚು ಏರಿದ ಸಂಸಾರದಂತೆ ಮೀನಿನ ಸ್ಥಿತಿ.

ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಿಟ್ಟೆ. ಯಂತ್ರ ಕೆಟ್ಟಿದೆಯೆಂದು ತಿಳಿದ ಮೇಲೆ, ವಿದ್ಯುತ್ತು ಹರಿಯುತ್ತಿರುವಾಗ ನೀರಿಗೆ ಕೈಹಾಕುವುದು ಪ್ರಾಣಾಪಾಯ. ಹೀಟರನ್ನು ಒಡನೆಯೇ ಹೊರಗೆ ತೆಗೆಯಲಿಲ್ಲ. ಕಾದ ಗಾಜು ತಣ್ಣನೆಯ ಗಾಳಿಗೆ ಸಿಡಿಯಬಹುದು. ಮುಚ್ಚಳವನ್ನು ತೆಗೆದು, ಗಾಳಿಗುಳ್ಳೆಗಳನ್ನು ಬಿಡುವ ಪಂಪನ್ನು ಪೂರ್ಣವೇಗಕ್ಕೆ ತಿರುಗಿಸಿದೆ. ಮೇಲ್ಮೈ ಕದಡಿದಷ್ಟೂ ನೀರಿಗೆ ಆಮ್ಲಜನಕ ಸೇರುತ್ತದೆ. ಮೇಜಿನ ಫ್ಯಾನನ್ನು ನೀರಿನ ಮೇಲೆ ಗಾಳಿಯಾಡುವಂತೆ ಇರಿಸಿದೆವು. ಬೆವರು ಆರಿದಾಗ ಮೈ ತಂಪಾಗುವಂತೆ, ನೀರು ಆವಿಯಾದಾಗ ತೊಟ್ಟಿ ತಂಪಾಗುತ್ತದೆ.

ಅಷ್ಟರಲ್ಲಿ ನೆರೆಮನೆಯವರು ಬಂದರು. "ಮೇಷ್ಟ್ರೆ, ಇದಕ್ಕೆಷ್ಟು ಯೋಚನೆ? ಎರಡು ಬಿಂದಿಗೆ ತಣ್ಣೀರು ಸುರಿದುಬಿಡಿ, ಎಲ್ಲ ಸರಿಹೋಗುತ್ತೆ" ಎಂದರು. ಅವರ ಅಂತಃಕರಣ ಒಳ್ಳೆಯದು. ನಾನು ಉತ್ತರ ಹೇಳುವುದಕ್ಕೆ ಮೊದಲೇ ನಮ್ಮ ಮನೆಯಾಕೆ, "ಜ್ವರ ಬಂದ ಕೂಸನ್ನು ಬಾವಿಗೆ ಇಳಿಸುತ್ತಾರೆಯೆ?" ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಗ್ರಂಥವೂ ಹೇಳಲಾರದು. ಕಾವಿನಿಂದ ಬಳಲಿದ ಮೀನಿಗೆ ಹಠಾತ್ತನೆ ಬಂದ ಶೀತ ಎರಡನೆಯ ಪೆಟ್ಟಾಗುತ್ತದೆ. ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ಇಳಿಸುವುದೇ ಕ್ಷೇಮ. ಕ್ಲೋರೀನು ಕಳೆದು ಇಟ್ಟಿದ್ದ ನೀರನ್ನು ತೊಟ್ಟಿಯ ನೀರಿಗಿಂತ ಒಂದೆರಡು ಡಿಗ್ರಿ ಮಾತ್ರ ತಂಪಾಗಿರುವಂತೆ ಬೆರಸಿ, ಹತ್ತನೆಯ ಒಂದು ಪಾಲನ್ನು ನಿಧಾನವಾಗಿ ಬದಲಾಯಿಸಿದೆವು. ಆ ದಿನ ಆಹಾರ ಹಾಕಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ವೇಳೆಗೆ ನೀರು 27ಕ್ಕೆ ಇಳಿಯಿತು. ಅಷ್ಟರೊಳಗೆ ಎರಡು ಟೆಟ್ರಾಗಳು ಅಸುನೀಗಿದ್ದುವು. ಉಳಿದುವು ಮೇಲ್ಮೈಯನ್ನು ಬಿಟ್ಟು ಕೆಳಗೆ ಇಳಿದುವು.

ಇನ್ನು ಎದುರಾದುದು ಮೊದಲಿನದಕ್ಕೆ ವಿರುದ್ಧವಾದ ಕಷ್ಟ. ಕೆಟ್ಟ ಹೀಟರನ್ನು ಮತ್ತೆ ಹಾಕುವಂತಿಲ್ಲ. ಹೊಸದು ಮರುದಿನಕ್ಕೆ ಮೊದಲು ದೊರೆಯುವಂತಿಲ್ಲ. ಇರುಳಿನ ಚಳಿಯಂತೂ ತಪ್ಪದೆ ಬರುತ್ತದೆ. ಬೆಳಗ್ಗೆ ತಂಪಿಗಾಗಿ ಹೆಣಗಿದವರು ಸಂಜೆ ಕಾವಿಗಾಗಿ ಹೆಣಗಬೇಕಾಯಿತು. ತೊಟ್ಟಿಯ ಮೂರು ಪಕ್ಕಗಳಿಗೆ ಥರ್ಮೋಕೋಲಿನ ಹಲಗೆಗಳನ್ನು ಒರಗಿಸಿ, ಅವುಗಳ ಮೇಲೆ ಕಂಬಳಿ ಸುತ್ತಿದೆವು. ಗಾಳಿಯಾಡಲು ಸ್ವಲ್ಪ ಸಂದು ಬಿಟ್ಟು ಮೇಲೆ ಮುಚ್ಚಿದೆವು. ಒಂದು ಲೀಟರಿನ ಬಾಟಲಿಗಳಿಗೆ 60 ಡಿಗ್ರಿಯ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಎರಡೆರಡಾಗಿ ನೀರಿನಲ್ಲಿ ತೇಲಬಿಟ್ಟೆವು. ಲೆಕ್ಕ ಹಾಕಿದರೆ ಇಂಥ ಒಂದು ಬಾಟಲಿ 100 ಲೀಟರು ನೀರಿನ ಕಾವನ್ನು ಮೂರರಲ್ಲೊಂದು ಡಿಗ್ರಿಗಿಂತ ಹೆಚ್ಚಾಗಿ ಏರಿಸಲಾರದು. ಅಲ್ಪವೆನ್ನಿಸಬಹುದು, ಆದರೆ ನಮಗೆ ಬೇಕಾಗಿದ್ದುದು ಏರಿಕೆಯಲ್ಲ, ಇಳಿಯದಂತೆ ತಡೆಯುವುದಷ್ಟೆ. ರಾತ್ರಿಯನ್ನು ಯಾಮಗಳಾಗಿ ಹಂಚಿಕೊಂಡು, ಒಂದು ಯಾಮ ಆಕೆ, ಒಂದು ಯಾಮ ನಾನು, ಬಾಟಲಿಗಳನ್ನು ಬದಲಾಯಿಸಿದೆವು. ಬೆಳಗಾದಾಗ ಉಷ್ಣಮಾಪಕ 24ರಲ್ಲಿ ನಿಂತಿದ್ದಿತು.

ನನ್ನ ಯಾಮದಲ್ಲಿ ಎಚ್ಚರವಾಗಿ ಕುಳಿತಿದ್ದಾಗ ಶತಪಥ ಬ್ರಾಹ್ಮಣದ ಮನುವಿನ ಕಥೆ ನೆನಪಿಗೆ ಬಂದಿತು. ಕೈತೊಳೆಯುವ ನೀರಿನಲ್ಲಿ ಸಿಕ್ಕಿದ ಮರಿಮೀನು ತನ್ನನ್ನು ಸಾಕೆಂದು ಮನುವನ್ನು ಬೇಡುತ್ತದೆ. ಅವನು ಅದನ್ನು ಮೊದಲು ಕುಂಭದಲ್ಲಿಡುತ್ತಾನೆ. ಬೆಳೆದಾಗ ಹೊಂಡಕ್ಕೆ ಬಿಡುತ್ತಾನೆ. ಕೊನೆಗೆ ಸಮುದ್ರಕ್ಕೆ ಒಯ್ಯುತ್ತಾನೆ. ಪ್ರಳಯದಲ್ಲಿ ಮೀನು ಮನುವನ್ನು ಕಾಪಾಡಿತೆಂಬುದನ್ನೇ ನಾವು ಕೊಂಡಾಡುವುದು. ಆದರೆ ಮನುವಿಗೆ ಒಂದು ಸೌಕರ್ಯವಿದ್ದಿತು: ಅವನ ಹೊಣೆ ಸಮುದ್ರದ ದಡದಲ್ಲಿ ಮುಗಿಯಿತು. ನಮ್ಮ ತೊಟ್ಟಿಯ ಮೀನಿಗೆ ಅಂಥ ದಡವಿಲ್ಲ. ಅದನ್ನು ಊರ ಕೆರೆಗೆ ಬಿಟ್ಟರೆ ದಯೆಯಾಗದು. ಒಂದೋ ಅದು ಸಾಯುತ್ತದೆ, ಇಲ್ಲವೆ ಪರದೇಶದ ಜೀವಿಯಾದ ಅದರಿಂದ ಕೆರೆಯ ಸ್ವಂತ ಮೀನುಗಳಿಗೆ ಕೇಡಾಗಬಹುದು. ಕುಂಭದಲ್ಲಿ ಇಟ್ಟವನೇ ಕೊನೆಯವರೆಗೂ ಕಾಯಬೇಕು.

ಮೊಮ್ಮಗಳಿಗೆ ದೂರವಾಣಿಯಲ್ಲಿ ನಡೆದುದನ್ನೆಲ್ಲ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದ ಹತ್ತೂ ಒಟ್ಟಿಗೆ ಓಡಾಡುತ್ತಿವೆಯೆ, ತಾತ?" ಎಂದು ಕೇಳಿದಳು. ಪ್ರಶ್ನೆ ಸಾರ್ಥಕವಾದದ್ದು. ಆ ಜಾತಿಯ ಮೀನು ಸ್ವಸ್ಥವಾಗಿರುವಾಗ ಸಂಗಡಿಗರನ್ನು ಬಿಟ್ಟಿರಲಾರದು. ಚದರಿದರೆ ಇನ್ನೂ ಭಯವೋ ನೋವೋ ಇದೆಯೆಂದು ಅರ್ಥ. ಅಂದು ನಾನು "ಇನ್ನೂ ಇಲ್ಲ, ಮಗು" ಎನ್ನಬೇಕಾಯಿತು. ಮೂರನೆಯ ದಿನ ಹೌದೆಂದು ಹೇಳಿದೆ.

ಈಗ ನಮ್ಮ ತೊಟ್ಟಿಯಲ್ಲಿ 200 ವಾಟಿನ ಒಂದರ ಬದಲು 50 ವಾಟಿನ ಎರಡು ಹೀಟರುಗಳಿವೆ. ಒಂದು ನಿಲ್ಲದೆ ಕಾದರೂ ಅದರ ಬಲ ಅಲ್ಪವಾದ್ದರಿಂದ ನೀರು ಬೇಗ ಕಾಯದು. ಒಂದು ಕಾಯದೆ ನಿಂತರೂ ಇನ್ನೊಂದು ಸ್ವಲ್ಪ ಆಸರೆ ಕೊಡುತ್ತದೆ. ಇವುಗಳ ಮೇಲೆ, ನೀರು 27 ಡಿಗ್ರಿಯನ್ನು ಮೀರಿದರೆ ವಿದ್ಯುತ್ತನ್ನೇ ಕಡಿದುಹಾಕುವ ಬೇರೊಂದು ನಿಯಾಮಕವನ್ನು ಹೊರಗೆ ಇಟ್ಟಿದ್ದೇವೆ. ತಂತಿಗಳು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲಕ್ಕೆ ಹೋಗುತ್ತವೆ. ಜಾರಿಬಂದ ನೀರಿನ ಹನಿ ಕೆಳಗೇ ತೊಟ್ಟಿಕ್ಕುತ್ತದೆ. ಉಷ್ಣಮಾಪಕವಿರುವುದು ಹೀಟರುಗಳಿಂದ ದೂರದ ಮೂಲೆಯಲ್ಲಿ.

ಈ ವ್ಯವಸ್ಥೆಯ ತತ್ತ್ವ ಒಂದೇ. ನ್ಯಾಯಸ್ಥಾನದಲ್ಲಿ ತನ್ನ ವ್ಯಾಜ್ಯಕ್ಕೆ ತಾನೇ ಸಾಕ್ಷಿ ನುಡಿಯುವವನ ಮಾತಿಗೆ ತೂಕ ಕಡಮೆ. ಹೀಟರಿನ ಕೆಂಪು ದೀಪ ಅಂಥ ಸಾಕ್ಷಿ. ಅದು ಉರಿಯುತ್ತಿದ್ದರೆ ಕೆಲಸ ನಡೆಯುತ್ತಿದೆಯೆಂದಷ್ಟೇ ಅರ್ಥ, ಸರಿಯಾಗಿ ನಡೆಯುತ್ತಿದೆಯೆಂದಲ್ಲ. ಕೆಲಸಮಾಡದ ಕಾವಲುಗಾರನನ್ನು ಎಲ್ಲರೂ ಬೇಗ ಗುರುತಿಸುತ್ತಾರೆ. ನಿಲ್ಲಿಸುವುದನ್ನು ಮರೆತು ಕೆಲಸಮಾಡುತ್ತಲೇ ಇರುವವನು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಕಾವು ಕೊಡುವವನು ಬೇರೆ, ಕಾವಲು ನೋಡುವವನು ಬೇರೆ ಇರಬೇಕು. ಅವರಿಬ್ಬರನ್ನೂ ದಿನಕ್ಕೆರಡು ಬಾರಿ ಮನುಷ್ಯನೊಬ್ಬನು ಬಂದು ನೋಡಬೇಕು. ತೊಟ್ಟಿಯ ಪಕ್ಕದಲ್ಲಿ ಒಂದು ಸಣ್ಣ ಪುಸ್ತಕವನ್ನು ತೂಗುಹಾಕಿದ್ದೇವೆ. ಬೆಳಗಿನ ಅಂಕಿಯನ್ನು ನಾನು ಬರೆಯುತ್ತೇನೆ. ಮಲಗುವ ಮುನ್ನಿನ ಅಂಕಿಯನ್ನು ನಮ್ಮ ಮನೆಯಾಕೆ ಬರೆಯುತ್ತಾಳೆ. ರಜಕ್ಕೆ ಬಂದ ಮೊಮ್ಮಗಳು ಮೊದಲು ತೆರೆದು ನೋಡಿದ್ದು ಆ ಪುಸ್ತಕವನ್ನೇ.