ಬಿಳಿಯ ಹಲಗೆಯ ಮೇಲೆ ಎರಡು ಕೈ

ಕಳೆದ ಭಾನುವಾರ ಊಟವಾದ ಮೇಲೆ ನನ್ನ ತಂಗಿಯ ಮಗಳು ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿರಿಸಿ, ತಾನು ಅಂದು ಬೆಳಗ್ಗೆಯಷ್ಟೇ ಕಟ್ಟಿ ಮುಗಿಸಿದ್ದ ಚಿತ್ರದ ಹಲಗೆಯೊಂದನ್ನು ತೋರಿಸಿದಳು. ಇತ್ತ ಅವಳು ಗೆರೆಯೆಳೆದರೆ ಅತ್ತ ಪುಣೆಯಲ್ಲಿರುವ ಗೆಳತಿಯ ಪರದೆಯ ಮೇಲೆ ಅದು ಮೂಡುತ್ತಿತ್ತು. ಗೆಳತಿಯ ಹೆಸರು ಹೊತ್ತ ಪುಟ್ಟ ಬಾಣವೊಂದು ನಮ್ಮ ಪರದೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. "ನೀವೂ ಇಂಥದ್ದೇ ಮಾಡ್ತಿದ್ರಂತೆ, ನಾಲ್ಕು ವರ್ಷ ಹಿಡೀತಂತೆ. ಅಷ್ಟು ದಿನ ಏನು ಮಾಡ್ತಿದ್ರಿ, ಮಾವ?" ಎಂದು ಕೇಳಿದಳು. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ, ಅವಳು ತಿಳಿಯಬೇಕೆಂದೇ ಕೇಳಿದ್ದಳು. ಆಗ ಹೇಳಲಾಗದೆ ಹೋದುದನ್ನು ಈಗ ಬರೆಯುತ್ತಿದ್ದೇನೆ. ಆ ಕಾಲದ ಕಾಗದಪತ್ರಗಳೊಂದೂ ನನ್ನಲ್ಲಿ ಉಳಿದಿಲ್ಲವಾದುದರಿಂದ ನೆನಪೊಂದೇ ಆಧಾರ.

ಅದು 2010ರ ಮಾತು. ಬಸವನಗುಡಿಯ ಹಳೆಯ ಮನೆಯೊಂದರ ಮಹಡಿಯನ್ನು ಬಾಡಿಗೆಗೆ ಹಿಡಿದು ಐವರು ಕುಳಿತಿದ್ದೆವು. ಬೇರೆ ಬೇರೆ ಊರುಗಳಲ್ಲಿರುವ ಗುರುಶಿಷ್ಯರು ಬ್ರೌಸರಿನೊಳಗೆ ಒಂದೇ ಹಲಗೆಯ ಮೇಲೆ ಬರೆಯುವಂತಾಗಬೇಕೆಂಬುದು ನಮ್ಮ ಸಂಕಲ್ಪ. ಸಂಕಲ್ಪ ಹೊಸದೇನಲ್ಲ, 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟರು, ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಪರದೆಯನ್ನು ಹಂಚಿಕೊಂಡು ಕೆಲಸಮಾಡಿ ತೋರಿಸಿದ್ದರು. ನಮಗಿದ್ದುದು 256 ಕೆಬಿಪಿಎಸ್‌ನ ಬ್ರಾಡ್‌ಬ್ಯಾಂಡು, ಮತ್ತು ಪುಟದಲ್ಲಿ ಚಿತ್ರ ಬರೆಯಲು ಬೇಕಾದ ಕ್ಯಾನ್ವಾಸ್ ಎಂಬುದರ ಗಂಧಗಾಳಿಯೂ ಇಲ್ಲದ ಇಂಟರ್ನೆಟ್ ಎಕ್ಸ್‌ಪ್ಲೋರರ್. ಬ್ರೌಸರಿಗೂ ಸರ್ವರಿಗೂ ನಡುವಣ ದಾರಿಯನ್ನು ತೆರೆದೇ ಇಡುವ ವೆಬ್‌ಸಾಕೆಟ್ ಎಂಬ ವ್ಯವಸ್ಥೆ ಇನ್ನೂ ಕರಡಿನಲ್ಲಿತ್ತು. ಅದು ಆರ್‌ಎಫ್‌ಸಿ 6455 ಎಂಬ ಮಾನಕವಾಗಿ ಸ್ಥಿರಗೊಂಡುದು 2011ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ, ಮೊಸರಿಗೆಂದು ಹೋದ ಹುಡುಗ ಅಂಗಡಿಯವನು ಕೊಡುವ ತನಕ ಬಾಗಿಲಲ್ಲೇ ನಿಂತಿದ್ದು, ತಂದುಕೊಟ್ಟ ಮರುಕ್ಷಣವೇ ಬರಿಯ ಪಾತ್ರೆ ಹಿಡಿದು ಮತ್ತೆ ಹೋಗಿ ನಿಲ್ಲುವಂತೆ, ಬ್ರೌಸರು ಸರ್ವರಿನ ಮುಂದೆ ಕಾದು ನಿಂತು, ಹೊಸ ಗೆರೆ ಬಂದೊಡನೆ ಹೊತ್ತು ತಂದು, ಪುನಃ ಹೋಗಿ ನಿಲ್ಲುತ್ತಿತ್ತು. ಲಾಂಗ್ ಪೋಲಿಂಗ್ ಎನ್ನುತ್ತಿದ್ದೆವು.

ಆ ಮನೆಗೆ ರಾಯರೆಂಬ ಹಿರಿಯರೊಬ್ಬರು ಬರುತ್ತಿದ್ದರು. ಅವರು ನಮ್ಮ ಕಂಪನಿಯ ಮಾಲೀಕನ ತಂದೆಗೆ ಬಾಲ್ಯಸ್ನೇಹಿತರು. ಬೆಂಗಳೂರಿನ ಸರಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿ 34 ವರ್ಷ ದುಡಿದು ನಿವೃತ್ತರಾಗಿದ್ದವರು. ಒಂದು ಸಾಲು ಪ್ರೋಗ್ರಾಮನ್ನೂ ಬರೆದವರಲ್ಲ. "ಮನೇಲಿ ಹೊತ್ತು ಹೋಗೋದಿಲ್ಲ, ನಿಮ್ಮ ಗೆರೆ ನೋಡ್ಕೊಂಡು ಕೂತಿರ್ತೀನಿ" ಎಂದು ಬಂದವರು ನಾಲ್ಕು ವರ್ಷವೂ ತಪ್ಪದೆ ಬಂದರು. ಅವರ ಬಟ್ಟೆಯ ಚೀಲದಲ್ಲಿ ಒಂದು ಜೊತೆ ಸೆಟ್‌ಸ್ಕ್ವೇರ್, ಹಳದಿಗಟ್ಟಿದ ಫ್ರೆಂಚ್ ಕರ್ವ್‌ಗಳು, ಟ್ರೇಸಿಂಗ್ ಕಾಗದದ ಮೇಲಣ ಇಂಕನ್ನು ಕೆರೆಯುವ ಅರ್ಧ ಬ್ಲೇಡು, ಮತ್ತು ಸುರುಳಿ ಸುತ್ತಿದ ಹಳೆಯ ಅಮೋನಿಯಾ ಪ್ರಿಂಟುಗಳು ಇರುತ್ತಿದ್ದವು. ಆ ಪ್ರಿಂಟುಗಳ ಬೆನ್ನೇ ನಮಗೆ ಕಚ್ಚಾ ಕಾಗದ. ಸುರುಳಿ ಬಿಚ್ಚಿದೊಡನೆ ಏಳುವ ಒಂದು ಸಣ್ಣ ಘಾಟು, ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮೇಲಂತೂ, ಕೆಂಪು ನೆಲದ ಆ ಕೋಣೆಯನ್ನೆಲ್ಲ ತುಂಬಿಕೊಂಡು, ಕೆಳಮನೆಯ ಹುಳಿಯ ಒಗ್ಗರಣೆಯೊಡನೆ ಬೆರೆತು, ಸಂಜೆಯವರೆಗೂ ನಿಂತಿರುತ್ತಿತ್ತು. ಈಗಲೂ ಎಲ್ಲಿಯಾದರೂ ಅಮೋನಿಯಾದ ವಾಸನೆ ಬಡಿದರೆ ನನ್ನ ಕಣ್ಣಮುಂದೆ ಬರುವುದು ಆ ಕೋಣೆಯೇ.

ಬಂದ ಮೊದಲ ದಿನ ರಾಯರು ಮೌಸನ್ನು ಹಿಡಿದು ವೇಗವಾಗಿ ಒಂದು ವೃತ್ತವನ್ನೆಳೆದರು. ಪರದೆಯ ಮೇಲೆ ಮೂಡಿದುದು ಹನ್ನೊಂದು ಮೂಲೆಯ ಆಕೃತಿ. ಕೈ ಸರಿದ ದಾರಿಯನ್ನೆಲ್ಲ ಬ್ರೌಸರು ನೋಡುವುದಿಲ್ಲ. ಬಿಟ್ಟುಬಿಟ್ಟು ಒಂದೊಂದು ಬಿಂದುವನ್ನು ಮಾತ್ರ ಒಪ್ಪಿಸುತ್ತದೆ. ನಾವು ಆ ಬಿಂದುಗಳನ್ನು ನೇರಗೆರೆಗಳಿಂದ ಕೂಡಿಸಿದ್ದೆವು. "ಇದು ಗೆರೆ ಅಲ್ಲಪ್ಪ, ಮುರಿದ ಕಡ್ಡಿ ಸಾಲು" ಎಂದು ಅವರು ಫ್ರೆಂಚ್ ಕರ್ವನ್ನು ಪ್ರಿಂಟಿನ ಬೆನ್ನ ಮೇಲಿಟ್ಟು, ಅದನ್ನು ಒಂದು ಸ್ಥಾನದಿಂದ ಇನ್ನೊಂದಕ್ಕೆ ಸರಿಸುವಾಗ ಹಿಂದಿನ ಗೆರೆಯ ಕೊನೆಯ ತುಂಡಿನ ಮೇಲೆಯೇ ಮತ್ತೆ ಕೂರಿಸಿಕೊಂಡು ಮುಂದುವರಿಯುವ ಬಗೆಯನ್ನು ತೋರಿಸಿದರು. ಬಿಂದುಬಿಂದುಗಳ ನಡುವಣ ಮಧ್ಯಬಿಂದುವನ್ನು ಹಿಡಿದು, ಒಂದು ಮಧ್ಯದಿಂದ ಇನ್ನೊಂದು ಮಧ್ಯಕ್ಕೆ, ನಿಜವಾದ ಬಿಂದುವಿನ ಕಡೆಗೆ ಬಾಗುವ ವಕ್ರರೇಖೆಯನ್ನೆಳೆಯುವ ಕ್ರಮ ಅಂದು ರಾತ್ರಿ ನನಗೆ ಹೊಳೆದುದು ಅದನ್ನು ಕಂಡೇ. ಪುಸ್ತಕಗಳಲ್ಲಿ ಮೊದಲೇ ಇದ್ದ ವಿದ್ಯೆಯದು. ನನಗೆ ಮಾತ್ರ ರಾಯರ ಕೈಯಿಂದ ಬಂದಿತು.

ನಮ್ಮ ಹಲಗೆಗೆ ಹಣ ಕೊಟ್ಟವರಲ್ಲಿ ಮೊದಲಿಗರು ಮೈಸೂರಿನ ಒಬ್ಬ ಗಣಿತದ ಶಿಕ್ಷಕಿ. ತಿಂಗಳಿಗೆ 500 ರೂಪಾಯಿ ಎಂದೆವು. ಆಕೆ ಬೆಳಗಿನ ರೈಲು ಹಿಡಿದು ಬಂದು, ರಾಯರ ಎದುರು ಕುಳಿತು, "ನನ್ನ ಹತ್ತಿರ ಓದೋ ಮಕ್ಕಳು ಹನ್ನೆರಡು ಜನ, ಅವರಲ್ಲಿ ನಾಲ್ವರ ಹತ್ತಿರ ನಾನು ದುಡ್ಡೇ ತಗೊಳ್ಳೋದಿಲ್ಲ. 150 ಕೊಡ್ತೀನಿ" ಎಂದರು. ಮಾಲೀಕ 400ಕ್ಕೆ ಇಳಿದ. ಆಕೆ 200ಕ್ಕೆ ಏರಿದರು. ಅಲ್ಲಿಂದ ಇಬ್ಬರೂ ಅಲುಗಲಿಲ್ಲ. ಕಾಫಿ ಬಂದಿತು. ಲೋಟ ಕೆಳಗಿಟ್ಟು ಆಕೆ, "ಸರಿ, 250. ಆದರೆ ನಾನು ಬರೆದದ್ದನ್ನ ನೀವಾಗಿ ಅಳಿಸಕೂಡದು. ಸ್ಕೂಲಿನ ಹಲಗೆಯನ್ನ ಗಂಟೆ ಹೊಡೆದ ಮೇಲೆ ಒರೆಸಿಬಿಡ್ತಾರೆ. ಇದನ್ನ ಒರೆಸಬೇಕಾಗಿಲ್ಲ ಅಂತಲೇ ನಾನು ದುಡ್ಡು ಕೊಡೋದು" ಎಂದರು. ಮಾಲೀಕ ರಾಯರ ಮುಖ ನೋಡಿದ. ರಾಯರು ನನ್ನ ಮುಖ ನೋಡಿದರು. "ಅಳಿಸೋದಿಲ್ಲ ಮೇಡಂ" ಎಂದವನು ನಾನು.

ಆಕೆಯಿಂದಲೇ ನಮ್ಮ ಅತಿ ದೊಡ್ಡ ದೋಷ ಬಯಲಾಯಿತು. ಒಂದು ಸಂಜೆ ಆಕೆ ವೃತ್ತವನ್ನು ಬರೆದು, ಶಿವಮೊಗ್ಗದ ಹುಡುಗನೊಬ್ಬನಿಗೆ ಸ್ಪರ್ಶಕವನ್ನೆಳೆಯಲು ಹೇಳಿದ್ದರು. ಅವನು ಎಳೆದನು. ಅಷ್ಟರಲ್ಲಿ ಆಕೆ ತಮ್ಮ ವೃತ್ತದ ಕೇಂದ್ರಕ್ಕೆ ಹೆಸರಿಟ್ಟು, ತ್ರಿಜ್ಯವನ್ನೂ ಎಳೆದರು. ಹುಡುಗ ತನ್ನ ಗೆರೆ ಸೊಟ್ಟಗಾಯಿತೆಂದು, ಮಾಡಿದುದನ್ನು ಹಿಂತೆಗೆಯುವ ಅಂಡೂ ಗುಂಡಿ ಒತ್ತಿದನು. ಅವನ ಸ್ಪರ್ಶಕ ಹೋಗುವ ಬದಲು ಆಕೆಯ ತ್ರಿಜ್ಯ ಹೋಯಿತು. ಗಾಬರಿಯಿಂದ ಮತ್ತೆ ಮತ್ತೆ ಒತ್ತುತ್ತಲೇ ಹೋದುದರಿಂದ ಕೇಂದ್ರ ಹೋಯಿತು, ಸ್ಪರ್ಶಕ ಹೋಯಿತು, ಕಡೆಗೆ ವೃತ್ತವೂ ಹೋಯಿತು. ಹುಡುಗ ಅತ್ತುಬಿಟ್ಟನೆಂದು ಆಕೆ ಫೋನಿನಲ್ಲಿ ಹೇಳಿದರು. ರಾಯರು ಮಾತನಾಡದೆ ಒಂದು ಪ್ರಿಂಟನ್ನು ಬಿಚ್ಚಿ, ಬಲಮೂಲೆಯ ರಿವಿಷನ್ ಕೋಷ್ಟಕದ ಮೇಲೆ ಬೆರಳಿಟ್ಟರು: ತಿದ್ದುಪಡಿಯ ಅಕ್ಷರ, ವಿವರ, ತಿದ್ದಿದವರ ಸಹಿ, ದಿನಾಂಕ. "ಯಾರು ಮಾಡಿದ್ದು ಅಂತ ಇಲ್ಲಿ ಬರೆದಿದೆ. ಒಬ್ಬ ಮಾಡಿದ್ದನ್ನ ಇನ್ನೊಬ್ಬ ಕೇಳದೇ ಕೆರೆಯೋ ಹಾಗಿಲ್ಲ."

ಹೇಳಲು ಸುಲಭ. ಹುಡುಗ ಬರೆದ ತ್ರಿಕೋನಕ್ಕೆ ಗುರುಗಳು ಬಣ್ಣ ತುಂಬಿದ ಮೇಲೆ ಹುಡುಗ ತನ್ನ ತ್ರಿಕೋನವನ್ನು ಹಿಂತೆಗೆದುಕೊಂಡರೆ ಆ ಬಣ್ಣವೇನಾಗಬೇಕು? ಮೂರು ವಾರ ವಾದಿಸಿದೆವು. ಕೊನೆಗೆ, ಯಾವ ಆಕೃತಿಯನ್ನೂ ನಿಜವಾಗಿ ಅಳಿಸದೆ, ಅಳಿಸಲ್ಪಟ್ಟಿತೆಂಬ ಗುರುತನ್ನು ಮಾತ್ರ ಅದರ ಮೇಲಿಟ್ಟು, ಪ್ರತಿಯೊಬ್ಬರ ಕೃತಿಗಳಿಗೂ ಪ್ರತ್ಯೇಕ ಪಟ್ಟಿಯನ್ನಿಟ್ಟೆವು. ಹುಡುಗ ಮನಸ್ಸು ಬದಲಿಸಿ ತ್ರಿಕೋನವನ್ನು ಮರಳಿ ತಂದರೆ ಅದು ಗುರುಗಳು ತುಂಬಿದ ಬಣ್ಣದೊಡನೆಯೇ ಬರುತ್ತಿತ್ತು. ಏಕಕಾಲದ ತಿದ್ದುಪಡಿಗಳನ್ನು ಹೊಂದಿಸುವ ಬಗೆಯನ್ನು ಕುರಿತು ಎಲ್ಲಿಸ್ ಮತ್ತು ಗಿಬ್ಸ್ ಎಂಬ ಸಂಶೋಧಕರು 1989ರಲ್ಲಿಯೇ ಬರೆದಿದ್ದರು. ನಾವು ಅದನ್ನೋದಿದುದು ಆಮೇಲೆ. ನಮ್ಮ ಪಾಲಿಗೆ ಶಾಸ್ತ್ರವಾಗಿದ್ದುದು ಆ ಕೋಷ್ಟಕ.

ನನ್ನ ಸೋದರಸೊಸೆಯ ಪ್ರಶ್ನೆಗೆ ಉತ್ತರ ಇದು: ನಾಲ್ಕು ವರ್ಷ ನಾವು ಮಾಡುತ್ತಿದ್ದುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೋವಾಗದಂತೆ ನೋಡಿಕೊಳ್ಳುವ ಕೆಲಸ. ಇಂದು ಅದು ಸಿದ್ಧವಾದ ಸಾಫ್ಟ್‌ವೇರ್ ಲೈಬ್ರರಿಯೊಳಗೆ ಕುಳಿತಿದೆ, ನಮ್ಮದಕ್ಕಿಂತ ಚೆನ್ನಾಗಿಯೇ ಕುಳಿತಿದೆ ಎಂಬುದನ್ನು ಒಪ್ಪದಿದ್ದರೆ ಸುಳ್ಳಾಡಿದಂತಾದೀತು. ನಮ್ಮ ಹಲಗೆ ಆರು ಜನ ಕೂಡಿದರೆ ತೆವಳುತ್ತಿತ್ತು. ಎರಡು ಬಾರಿ ಮಕ್ಕಳ ಪಾಠವನ್ನೇ ಕಳೆದುಹಾಕಿತ್ತು. 2020ರ ಜನವರಿಯಲ್ಲಿ ಕ್ರಿಸ್ಟೋಫರ್ ಶೆಡೋ ಆರಂಭಿಸಿದ ಎಕ್ಸ್‌ಕ್ಯಾಲಿಡ್ರಾ ಎಂಬ ಹಲಗೆಯನ್ನು ಕಂಡಾಗ ನನಗಾದುದು ಗೌರವವೇ. ಅಲ್ಲಿ ಚಿತ್ರ ಯಾರು ಬೇಕಾದರೂ ಓದಬಲ್ಲ ಸರಳ ಫೈಲಾಗಿ ನಮ್ಮ ಯಂತ್ರಕ್ಕೇ ಬರುತ್ತದೆ. ಹಂಚಿಕೊಂಡ ಚಿತ್ರದ ಬೀಗದ ಕೈ ಲಿಂಕಿನ ಕೊನೆಯ ತುಂಡಿನಲ್ಲಿ ಅಡಗಿದ್ದು ಸರ್ವರಿಗೆ ಹೋಗುವುದೇ ಇಲ್ಲ. ಅದರ ಗೆರೆಗಳು ಕೈಬರಹದಂತೆ ಬೇಕೆಂದೇ ಕೊಂಚ ಸೊಟ್ಟಗಿರುತ್ತವೆ. ಗೆರೆಯನ್ನು ನೇರಮಾಡುವುದರಲ್ಲಿಯೇ ಬಾಳು ಸವೆಸಿದ ರಾಯರು ಅದನ್ನು ನೋಡಲಿಲ್ಲ, 2019ರಲ್ಲಿ ತೀರಿಕೊಂಡರು.

ನಮ್ಮ ಕಂಪನಿಯನ್ನು 2014ರಲ್ಲಿ ಒಂದು ದೊಡ್ಡ ಸಂಸ್ಥೆ ಕೊಂಡಿತು. ಅವರಿಗೆ ಬೇಕಾಗಿದ್ದುದು ನಾವು ಐವರು, ಹಲಗೆಯಲ್ಲ. ಮೂವತ್ತು ದಿನಗಳ ನೋಟೀಸನ್ನು ಕಳುಹಿ ಸರ್ವರನ್ನು ನಿಲ್ಲಿಸಿದರು. ಮೈಸೂರಿನಿಂದ ಫೋನು ಬಂದಿತು. "ನಾಲ್ಕು ವರ್ಷದ ಪಾಠ ಹೇಗೆ ಇಳಿಸ್ಕೊಳ್ಳೋದು?" ಎಂದು ಆಕೆ ಕೇಳಿದರು. ಇಳಿಸಿಕೊಳ್ಳುವ ಗುಂಡಿಯನ್ನು ನಾವು ಮಾಡಿಯೇ ಇರಲಿಲ್ಲ. ಪ್ರತಿವಾರವೂ ಅದಕ್ಕಿಂತ ತುರ್ತಿನ ಕೆಲಸವೊಂದು ಇರುತ್ತಿತ್ತು. ಕೆಲವು ಹಲಗೆಗಳನ್ನು ರಾತ್ರಿ ಕುಳಿತು ಚಿತ್ರಗಳಾಗಿ ತೆಗೆದು ಕಳುಹಿದೆನು; ಉಳಿದವು ಹೋದವು. ಈ ತಪ್ಪನ್ನು ಕೊಂಡವರ ಮೇಲೆ ಹೊರಿಸಲಾರೆ. ಮಾತು ಕೊಟ್ಟವನು ನಾನು.

ಅಂದು ನಮ್ಮ ಪುಟ್ಟ ಕೋಣೆಯಲ್ಲಿ ಆದುದು ಈಗ ಲೋಕದ ರೂಢಿಯಾಗಿದೆ. ಜಾಮ್‌ಬೋರ್ಡ್ ಎಂಬ ಇಂಥದೇ ಹಲಗೆ 2024ರ ಡಿಸೆಂಬರ್ 31ರಂದು ಮುಚ್ಚಿತು. ಹೊಸ ಹಲಗೆಗಳಲ್ಲಿ ನಮ್ಮ ಬದಲು ತಾನೇ ಬರೆದುಕೊಡುವ ಯಂತ್ರದ ಗುಂಡಿ ನಡುಹಣೆಯ ಮೇಲಿರುತ್ತದೆ. ನಾವು ಬರೆದುದನ್ನು ನಮಗೆ ಕೊಡುವ ಗುಂಡಿಯನ್ನು ಎಷ್ಟೋ ಕಡೆ ಮೂರು ಪಟ್ಟಿಗಳ ಅಡಿಯಲ್ಲಿ ಹುಡುಕಬೇಕು. ಇದು ಮರೆವಲ್ಲ, ಲೆಕ್ಕಾಚಾರ ಎಂದೇ ನನ್ನ ನಂಬಿಕೆ. ಸೋದರಸೊಸೆಯ ಹಲಗೆಯಲ್ಲಿಯೂ ಆ ಗುಂಡಿ ಇರಲಿಲ್ಲ. ಕೇಳಿದೆನು. "ಮುಂದಿನ ವಾರ ಹಾಕ್ತೀನಿ ಮಾವ" ಎಂದಳು.

ಇದನ್ನೋದುವ ಶಿಕ್ಷಕರಲ್ಲಿ ಯಾರ ಪಾಠಗಳಾದರೂ ಇಂಥದೊಂದು ಹಲಗೆಯ ಮೇಲಿದ್ದರೆ, ಈ ಹೊತ್ತೇ ಒಂದು ಪ್ರತಿಯನ್ನು ತಮ್ಮ ಯಂತ್ರಕ್ಕೆ ಇಳಿಸಿಟ್ಟುಕೊಳ್ಳಿರಿ.