ಊಟದ ಮೇಜಿನ ರೈಲು

ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ವರ್ಷಗಳಿಂದ ಊಟ ನಡೆಯುತ್ತಿಲ್ಲ, ರೈಲು ನಡೆಯುತ್ತಿದೆ. ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ 16.5 ಮಿಲಿಮೀಟರ್ ಅಗಲದ ಹಳಿ, ಎರಡು ಸ್ಟೇಷನ್ನು, ಎರಡು ಎಂಜಿನ್ನು, ಒಂಬತ್ತು ಡಬ್ಬಿ. ಊಟಕ್ಕೆ ನಾವು ನೆಲದ ಮೇಲೆ ಕೂಡುತ್ತೇವೆ. ನನ್ನ ಹೆಂಡತಿ ಮೊದಮೊದಲು ದಿನವೂ ಆಕ್ಷೇಪಿಸುತ್ತಿದ್ದಳು. ಈಗ ಅತಿಥಿಗಳು ಬಂದಾಗ ಮಾತ್ರ.

ತಪ್ಪು ಈ ಪುಣೆಯದೇ. ಕೋಥ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ಮಿಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದಾಗ ರೈಲಿನ ಹುಚ್ಚು ಹಿಡಿದದ್ದು ಮಗನಿಗೋ ನನಗೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಿಂದೆ ಆಟಿಕೆ ರೈಲೆಂದರೆ ಹಳಿಗೆ ವಿದ್ಯುತ್ ಕೊಟ್ಟರೆ ಓಡುವುದು, ತೆಗೆದರೆ ನಿಲ್ಲುವುದು, ಇಷ್ಟೇ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತಿದ್ದವು. ಈಗ ಹಾಗಲ್ಲ. ಹಳಿಯಲ್ಲಿ ಸದಾ ಹದಿನಾಲ್ಕು ಹದಿನೈದು ವೋಲ್ಟ್ ಇರುತ್ತದೆ, ಆದರೆ ಅದರ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತಿರುತ್ತದೆ. 58 ಮೈಕ್ರೋಸೆಕೆಂಡಿಗೆ ತಿರುಗಿದರೆ 'ಒಂದು', 100 ಮೈಕ್ರೋಸೆಕೆಂಡಿಗೆ ತಿರುಗಿದರೆ 'ಸೊನ್ನೆ'. ಓಡಿಸುವ ವಿದ್ಯುತ್ತೇ ಹೀಗೆ ಟಪಾಲನ್ನೂ ಹೊರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರಿಗೆ ಒಂದು ವಿಳಾಸ. ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಅದು ಪಾಲಿಸುತ್ತದೆ. ಕಚೇರಿಯಲ್ಲಿ ಟಪಾಲು ಇಷ್ಟು ಸರಿಯಾಗಿ ಸೇರಬೇಕಾದಲ್ಲಿಗೆ ಸೇರಿದ್ದನ್ನು ನಾನು ಕಂಡಿಲ್ಲ.

ಈ ಆಜ್ಞೆಗಳನ್ನು ಹೊರಡಿಸುವುದು ಮಗನ ಹಳೆಯ ಲ್ಯಾಪ್‌ಟಾಪು. ನಡುವೆ ಆರ್ಡುಯಿನೊ ಎಂಬ ಅಂಗೈಯಗಲದ ಫಲಕ. ತಂತ್ರಾಂಶದ ಹೆಸರು ಜೆ.ಎಂ.ಆರ್.ಐ.; ಕಾಸಿಲ್ಲದೆ ಸಿಗುತ್ತದೆ. ಅದನ್ನು ಆರಂಭಿಸಿದವರು ಕ್ಯಾಲಿಫೋರ್ನಿಯಾದ ಒಬ್ಬ ಭೌತವಿಜ್ಞಾನಿ ಎಂದು ತಿಳಿದಾಗ, ಫಿಸಿಕ್ಸಿನ ಬಿ.ಎಸ್‌ಸಿ. ಮಾಡಿ ಗುಮಾಸ್ತನಾದ ನನಗೆ ಒಂದು ಬಗೆಯ ಬಂಧುತ್ವ ತೋರಿತು. ಬಿಟ್ಟಿ ಕೊಟ್ಟ ತಂತ್ರಾಂಶಕ್ಕೂ ಕರ್ತೃವಿನ ಷರತ್ತು ಅನ್ವಯಿಸುತ್ತದೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಹೇಳಿದ್ದು ಇದೇ ಆಟದ ರೈಲಿನ ವ್ಯಾಜ್ಯದಲ್ಲಿ!

ಇನ್ನು ನಮ್ಮ ತಂದೆಯವರ ವಿಷಯ. ಅವರು ಉತ್ತರ ಕರ್ನಾಟಕದ ಮೀಟರ್ ಗೇಜ್ ಕಾಲದ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್. ತಾಯಿ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ ಅವರನ್ನು ಇಲ್ಲಿಗೆ ಕರೆತಂದೆ. ಕೆಳಗಿನ ಕಟ್ಟೆಯ ಮೇಲೆ ಕೂಡುವ ಮುದುಕರೊಂದಿಗೆ ಮಾತಾಡಲು ಮರಾಠಿ ಬಾರದು. ಮೊಮ್ಮಗನ ಅರೆಬರೆ ಕನ್ನಡ ಕಿವಿಗೆ ಹತ್ತದು. ಹೀಗಾಗಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಒಂದು ಸಂಜೆ ನಾವು ಗೂಡ್ಸ್ ಗಾಡಿ ಹೊರಡಿಸಿದಾಗ ಹಿಂದಿನಿಂದ ದನಿ ಬಂತು:

"ಅದೇನು ಗಾಡಿನೋ, ಮಿಡಚಿನೋ? ಖರೇ ಗಾಡಿ ಹಂಗ ಜಿಗೀತದೇನು?"

ಡಿಕೋಡರಿನಲ್ಲಿ ವೇಗ ಏರುವ ಬಗೆಯನ್ನು ನಿಗದಿ ಮಾಡುವ ಒಂದು ಮನೆಯಿದೆ, ಮೂರನೆಯದು. ಅದರಲ್ಲಿ ಸೊನ್ನೆಯಿತ್ತು. ಲ್ಯಾಪ್‌ಟಾಪಿನಿಂದಲೇ ಹತ್ತು ಮಾಡಿದೆವು, ಇಪ್ಪತ್ತು ಮಾಡಿದೆವು. ಮೂವತ್ತಕ್ಕೆ ತಂದೆಯವರು ತಲೆಯಾಡಿಸಿದರು. ಅಂದಿನಿಂದ ಮೇಜಿನ ಬಳಿ ಅವರಿಗೊಂದು ಕುರ್ಚಿ ಕಾಯಂ ಆಯಿತು.

ಆಮೇಲೆ ಮಗ ಹಳಿಯನ್ನು ಆರು ಬ್ಲಾಕುಗಳಾಗಿ ಕತ್ತರಿಸಿ, ಗಾಡಿ ಯಾವ ಬ್ಲಾಕಿನಲ್ಲಿದೆಯೆಂದು ಕಂಪ್ಯೂಟರಿಗೆ ತಿಳಿಯುವಂತೆ ಮಾಡಿದ. ಎಂಜಿನ್ ವಿದ್ಯುತ್ ಎಳೆದರೆ ಪರದೆಯ ಮೇಲೆ ಆ ಬ್ಲಾಕು ಕೆಂಪಾಗುತ್ತದೆ. ಅದು ಖಾಲಿಯಾದಾಗ ಹಿಂದಿನ ಗಾಡಿಗೆ ತಾನಾಗಿ ಹಸಿರು ಬೀಳುತ್ತದೆ. ಎರಡು ದಿನ ಸೊಗಸಾಗಿ ನಡೆಯಿತು. ಮೂರನೆಯ ದಿನ ಗೂಡ್ಸಿನ ಕೊಂಡಿ ಕಳಚಿ ಕೊನೆಯ ಎರಡು ಡಬ್ಬಿಗಳು ಹಿಂದೆಯೇ ಉಳಿದವು. ಪ್ಲಾಸ್ಟಿಕ್ ಗಾಲಿ, ವಿದ್ಯುತ್ ಎಳೆಯುವುದಿಲ್ಲ. ಎಂಜಿನ್ ಮುಂದೆ ಹೋಯಿತು, ಪರದೆಯಲ್ಲಿ ಬ್ಲಾಕು ಖಾಲಿ, ಹಸಿರು ಬಿತ್ತು. ಪ್ಯಾಸೆಂಜರ್ ಬಂದು ಡಬ್ಬಿಗಳಿಗೆ ಗುದ್ದಿತು. ಎಂಜಿನ್ ನೆಲಕ್ಕೆ ಬಿತ್ತು.

"ಕಡೀ ಡಬ್ಬಿ ಯಾರು ನೋಡಿದ್ರಿ?" ಎಂದು ತಂದೆಯವರು ಕೇಳಿದರು. ದನಿ ನಡುಗುತ್ತಿತ್ತು. ಆಟದ ರೈಲಿಗೆ ಇಷ್ಟೇಕೆ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆ ರಾತ್ರಿ ಹೇಳಿದರು. 1984, ಮಳೆಗಾಲ. ಆಗ ಒಂಟಿ ಹಳಿಯ ಮೇಲೆ ಚೆಂಡಿನಂಥ ಲೋಹದ ಟೋಕನ್ ಇಲ್ಲದೆ ಡ್ರೈವರ್ ಮುಂದೆ ಹೋಗುವಂತಿರಲಿಲ್ಲ. ಅವರ ಸ್ಟೇಷನ್ನಿನಲ್ಲಿ ನಿಲ್ಲದೆ ಹೋದ ಗೂಡ್ಸಿನ ಟೋಕನ್ ಕೈಗೆ ಬಂತು, ಆದರೆ ಕಡೆಯ ಡಬ್ಬಿಯ ಕೆಂಪು ದೀಪ ಕಾಣಲಿಲ್ಲ. ಟೋಕನ್ನನ್ನು ಯಂತ್ರಕ್ಕೆ ಹಾಕಿದರೆ ಹಿಂದಿನ ಸ್ಟೇಷನ್ನಿನವರು ಮುಂದಿನ ಗಾಡಿ ಬಿಡಬಹುದಿತ್ತು. ಇವರು ಹಾಕಲಿಲ್ಲ. ಮುಂದಿನ ಸ್ಟೇಷನ್ನಿನವರು ಗೂಡ್ಸನ್ನು ನಿಲ್ಲಿಸಿ ನೋಡಿ ತಿಳಿಸುವವರೆಗೆ ನಲವತ್ತು ನಿಮಿಷ ಆ ಚೆಂಡನ್ನು ಕೈಯಲ್ಲೇ ಹಿಡಿದು ಕೂತರು. ಹಿಂದೆ ಮೇಲ್ ಗಾಡಿ ನಿಂತಿತ್ತು, ಫೋನಿನಲ್ಲಿ ಬೈಗಳ ಸುರಿಮಳೆ.

"ಡಬ್ಬಿ ಬಿಟ್ಟಿತ್ತೇನಪ್ಪಾ?" ಎಂದೆ.

"ಇಲ್ಲ. ಮಳೀಗೆ ದೀಪ ಆರಿತ್ತು, ಅಷ್ಟ. ಗಾಡಿ ಪೂರ್ತಿ ಇತ್ತು."

ವಿಳಂಬಕ್ಕೆ ಕಾರಣ ಕೇಳಿ ಮೇಲಿನವರಿಂದ ಕಾಗದ ಬಂತು. ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಆ ವರ್ಷ ದೀಪಾವಳಿಗೆ ನಮಗೆ ಹೊಸ ಬಟ್ಟೆ ಬಂದಿರಲಿಲ್ಲ. ಅಪ್ಪ ಮರೆತರೆಂದು ನಾನು ನಲವತ್ತು ವರ್ಷ ತಿಳಿದಿದ್ದೆ.

ಮರುದಿನ ಮಗ ಪ್ರತಿ ಗಾಡಿಯ ಕಡೆಯ ಡಬ್ಬಿಗೆ ಲೋಹದ ಗಾಲಿ ಹಾಕಿ, ಅಚ್ಚಿಗೆ ಹತ್ತು ಕಿಲೋ ಓಮ್‌ನ ರೆಸಿಸ್ಟರ್ ಬೆಸೆದ. ಈಗ ಡಬ್ಬಿಯೂ ಒಂದೂವರೆ ಮಿಲಿ ಆಂಪಿಯರ್ ಎಳೆಯುತ್ತದೆ, ಹಿಂದುಳಿದರೆ ಬ್ಲಾಕು ಕೆಂಪಾಗಿಯೇ ಇರುತ್ತದೆ. ಖರೇ ರೈಲಿನಲ್ಲಿ ಈಗ ಅನೇಕ ಕಡೆ ಅಚ್ಚುಗಳನ್ನು ಎಣಿಸುವ ಯಂತ್ರ ಈ ಕೆಲಸ ಮಾಡುತ್ತದೆ. ಹೋದಷ್ಟು ಅಚ್ಚು ಹೊರಬಂದರೆ ಮಾತ್ರ ದಾರಿ ತೆರವು. ತಂದೆಯವರಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಆತು. ಆದ್ರ ನೋಡೂದು ಬಿಡಬ್ಯಾಡ್ರಿ" ಎಂದರು.

ಮಗ ಪ್ರೋಗ್ರಾಮಿನಲ್ಲಿ ಇನ್ನೆರಡು ಸಾಲು ಸೇರಿಸಿದ್ದಾನೆ. ಬ್ಲಾಕು ಖಾಲಿಯಾದರೂ ಹಸಿರು ಬೀಳುವ ಮೊದಲು ಪರದೆಯ ಮೇಲೆ "ಕಡೀ ಡಬ್ಬಿ ಕಂಡಿತೇ ಅಜ್ಜಾ?" ಎಂದು ಕನ್ನಡದಲ್ಲಿ ಮೂಡುತ್ತದೆ. ಅಕ್ಷರ ಜೋಡಿಸಲು ಅಜ್ಜನೇ ಕಲಿಸಿದ್ದು. ಹೌದು ಎಂಬ ಗುಂಡಿ ಒತ್ತುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ. ಮಧ್ಯಾಹ್ನ ಅವರು ಮಲಗಿದ್ದಾಗ ನಮ್ಮ ಪ್ಯಾಸೆಂಜರ್ ಸಿಗ್ನಲ್ಲಿನ ಬಳಿ ದೀಪ ಉರಿಸಿಕೊಂಡು ಕಾಯುತ್ತ ನಿಂತಿರುತ್ತದೆ.