ಶಾಲೆಯ ಅಂಗಳಕ್ಕೆ ಬಂದ ಆಟವೂ ಚಿತ್ರವೂ

ಪಾಠಪಟ್ಟಿಯಲ್ಲಿಲ್ಲದ ಆಟ, ಹಾಡು, ಚಿತ್ರಗಳಿಗೆ ಶಾಲೆಯ ವೇಳೆಯನ್ನು ಏಕೆ ವೆಚ್ಚ ಮಾಡುವಿರೆಂದು ತಮ್ಮಲ್ಲಿ ಹಲವರು ನಮ್ಮನ್ನು ಕೇಳಿದ್ದುಂಟು. ಕೇಳುವುದು ನ್ಯಾಯವೇ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಬರೆಯಲು ಮನಸ್ಸು ಮಾಡಿದೆವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯು ಕಲೆಗೆ ಬಡವೆಂದು ಯಾರೂ ಹೇಳಲಾರರು. ನೆರೆಯ ಗೋಕಾವಿ ನಾಡು ಕುಲಗೋಡ ತಮ್ಮಣ್ಣನವರೂ ಕೌಜಲಗಿ ನಿಂಗಮ್ಮನವರೂ ಶ್ರೀಕೃಷ್ಣ ಪಾರಿಜಾತವನ್ನು ಆಡಿ ಮೆರೆಸಿದ ನೆಲ. ಹೊಳೆಯಾಚೆಯ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನಾಡಿ ಮರಾಠಿ ರಂಗಭೂಮಿಗೆ ಅಡಿಗಲ್ಲಿಟ್ಟರು. ಅದಕ್ಕೆ ಪ್ರೇರಣೆಯಾದದ್ದಾದರೋ ಕರ್ನಾಟಕದ ಭಾಗವತ ಮೇಳದ ಆಟವೇ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ, ಮುಂದೆ ಕೇಶವರಾವ ಭೋಸಲೆಯವರ ಹೆಸರು ಹೊತ್ತ ನಾಟ್ಯಗೃಹವು 2024ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾದ ಸುದ್ದಿ ಬಂದ ದಿನ ನಿಪ್ಪಾಣಿಯ ಹಿರಿಯರನೇಕರು ಮನೆಯಲ್ಲಿ ಸಾವಾದವರಂತೆ ಮಾತನಾಡಿದರು.

ಸುತ್ತಲೂ ಇಷ್ಟಿದ್ದು ನಮ್ಮ ಹುಡುಗಿಯರು ಕಂಡದ್ದೆಷ್ಟು? ಚಿಂಚಲಿಯ ಮಾಯಕ್ಕನ ಜಾತ್ರೆಯಿರಲಿ, ಊರ ಉಗಾದಿಯಿರಲಿ, ಬಯಲಾಟವು ರಾತ್ರಿಯ ವಸ್ತು. ಅಣ್ಣತಮ್ಮಂದಿರು ಕಂಬಳಿ ಹೊದ್ದು ಬೆಳತನಕ ಕೂಡ್ರುವರು. ಹನ್ನೆರಡು ತುಂಬಿದ ಹುಡುಗಿಯನ್ನು ದೀಪ ಹಚ್ಚುವ ಹೊತ್ತಿಗೇ ಮನೆಗೆ ಕರೆಯುವರು. ಆಟದ ಸದ್ದು ಅವಳ ಹಾಸಿಗೆಯವರೆಗೆ ಬರುವುದು, ಆಟ ಬಾರದು. ತಾಯ್ತಂದೆಗಳ ಅಂಜಿಕೆಯನ್ನು ನಾವು ಹಳಿಯುವುದಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಇರುವುದು ಶಾಲೆಯ ಹಗಲೊಂದೇ ಆದ್ದರಿಂದ, ಆಟವನ್ನೇ ಹಗಲಿಗೆ ತರಬೇಕೆಂದು ನಾವು ಹೊರಟೆವು.

ಈ ವಿಚಾರ ನಮ್ಮದೇ ಹೊಸದಲ್ಲ. ದಿಲ್ಲಿಯ ಐ.ಐ.ಟಿ.ಯ ಕಿರಣ ಸೇಠರು 1977ರಲ್ಲಿ ಸ್ಥಾಪಿಸಿದ ಸ್ಪಿಕ್ ಮೆಕೆ ಸಂಸ್ಥೆಯು ದೊಡ್ಡ ಗಾಯಕರನ್ನೂ ನರ್ತಕರನ್ನೂ ವಿದ್ಯಾಲಯಗಳಿಗೇ ಕರೆತಂದಿತು. ಹೆಗ್ಗೋಡಿನ ನೀನಾಸಮ್ ತಿರುಗಾಟವು 1985ರಿಂದ ನಾಟಕಗಳನ್ನು ಊರೂರಿಗೆ ಒಯ್ದಿತು. ಸರಕಾರದ ಪ್ರತಿಭಾ ಕಾರಂಜಿ, 2015ರಲ್ಲಿ ಆರಂಭವಾದ ಕಲಾ ಉತ್ಸವಗಳು ಮಕ್ಕಳನ್ನು ರಂಗಕ್ಕೇರಿಸುತ್ತವೆ, ಒಳ್ಳೆಯದೇ. ಆದರೆ ಅವು ಸ್ಪರ್ಧೆಗಳು. ಉತ್ತಮವಾದುದನ್ನು ಒಮ್ಮೆಯೂ ಕೇಳದ ಕೂಸು ಬಹುಮಾನಕ್ಕಾಗಿ ಹಾಡುವುದು ಬಾವಿ ತೋಡದೆ ರಾಟೆ ಕಟ್ಟಿದಂತೆ ಎಂದು ನಮಗೆ ತೋರುತ್ತದೆ.

ಪಾರಿಜಾತ ಮೇಳವನ್ನು ಕರೆಸುವೆವೆಂದಾಗ ದೊಡ್ಡ ಚರ್ಚೆಯೇ ನಡೆಯಿತು. ನಾವು ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವರು. ಅಲ್ಲಿ ನಾಟಕವೆಂದರೆ ಕ್ರಿಸ್ತಜಯಂತಿಯದೊಂದೇ. ದೂತಿಯ ಹಾಸ್ಯವು ಕೆಲವೆಡೆ ಸಡಿಲವೆಂಬ ಆಕ್ಷೇಪವೂ ಸುಳ್ಳಲ್ಲ. ಮೇಳದ ಹಿರಿಯರಿಗೆ ಸಂಕೋಚದಿಂದಲೇ ತಿಳಿಸಿದೆವು. ಅವರು ನಕ್ಕು, “ಅಕ್ಕೋರ, ಹೆಣ್ಣಮಕ್ಕಳ ಮುಂದ ಹ್ಯಾಂಗ ಆಡಬೇಕಂತ ನಮಗ ಗೊತ್ತೈತ್ರಿ. ನಮ್ಮ ಮನ್ಯಾಗೂ ಅದಾರ” ಎಂದರು. ಬೆಳತನಕದ ಆಟವನ್ನು ಎರಡು ತಾಸಿಗೆ ಇಳಿಸಿದರು.

ಆ ದಿನ ರಾಯಬಾಗದ ಕಡೆಯ ಪಾಲಕರೊಬ್ಬರು ಮಗಳನ್ನು ಮನೆಗೆ ಕರೆದೊಯ್ಯಲು ಬಂದರು. “ಹುಡಿಗೀನ ಕಲಿಯಾಕ ಕಳಿಸೇವ್ರಿ, ಆಟ ನೋಡಾಕಲ್ಲ.” ತಾವೂ ಕುಳಿತು ನೋಡಿ, ಬೇಡವೆನಿಸಿದ ಕ್ಷಣ ಕರೆದೊಯ್ಯಿರಿ ಎಂದೆವು. ಅವರು ಗೋಡೆಗೆ ಒರಗಿ ನಿಂತರು. ಹಾರ್ಮೋನಿಯಮ್ ಮೊದಲಾಯಿತು, ನಾರದನು ತಂದ ಹೂವು ರುಕ್ಮಿಣಿಗೆ ಸಂದಿತು, ಸತ್ಯಭಾಮೆ ಮುನಿದಳು. ತಿರುಗಿ ನೋಡಿದರೆ, ರಂಗದ ಮೇಲೆ ಬರಬೇಕಾದ ಪದವು ಅವರ ತುಟಿಯ ಮೇಲೆ ಮೊದಲೇ ಬಂದಿತ್ತು! ಎಳವೆಯ ಎಷ್ಟು ರಾತ್ರಿಗಳ ಗಳಿಕೆಯೋ. ಮಗಳೂ ತಿರುಗಿ ನೋಡಿದಳು. ಅಪ್ಪನಿಗೆ ಹಾಡು ಬರುವುದೆಂದು ಅವಳಿಗೆ ಅಂದಿನವರೆಗೆ ತಿಳಿದಿರಲಿಲ್ಲವಂತೆ. ಅದೇ ದಿನ ಒಪ್ಪಿಗೆಯ ಚೀಟಿ ಬಾರದ ಇನ್ನೊಬ್ಬ ಹುಡುಗಿ ವರ್ಗದಲ್ಲಿ ಒಬ್ಬಳೇ ಪುಸ್ತಕ ತೆರೆದು ಕುಳಿತಿದ್ದಳು. ಅವಳನ್ನು ಹೊರಗೆ ಕರೆತರುವ ಅಧಿಕಾರ ನಮಗಿರಲಿಲ್ಲ.

ಮಿರಜಿಗೆ ಹೋದದ್ದು ಬೇರೆ ಬಗೆಯ ಪಾಠ. ಕಾಗವಾಡದಿಂದ ಬಸ್ಸಿನಲ್ಲಿ ದೂರದ ಹಾದಿಯೇನಲ್ಲ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ ತಲೆಮಾರುಗಳಿಂದ ಸತಾರ, ತಂಬೂರಿಗಳನ್ನು ಮಾಡುತ್ತಾರೆ. 2024ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಮಾನ್ಯತೆಯೂ ದೊರೆಯಿತು. ಪಂಢರಪುರದ ಕಡೆಯಿಂದ ಬಂದ ಒಣ ಬುರುಡೆಯನ್ನು ಕೊಯ್ದು, ಕಟ್ಟಿಗೆಯ ದಂಡಿ ಕೂಡಿಸಿ, ತಂತಿಯ ಕೆಳಗೆ ನೂಲೆಳೆ ಸರಿಸಿ ನಾದ ಹೊರಡಿಸುವುದನ್ನು ಹುಡುಗಿಯರು ಉಸಿರು ಬಿಗಿಹಿಡಿದು ನೋಡಿದರು. ಅಬ್ದುಲ್ ಕರೀಮ್ ಖಾನ್ ಸಾಹೇಬರು ನೆಲೆಸಿದ್ದ ಊರದು. ಅವರ ಶಿಷ್ಯ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದಾಗ ಇನ್ನೂ ಹನ್ನೊಂದರ ಬಾಲೆ. ನಮ್ಮ ಐದನೆಯ ವರ್ಗದ ಹುಡುಗಿಯಷ್ಟೇ ಎಂದು ಹೇಳಿದಾಗ ಆ ವರ್ಗದವರೆಲ್ಲ ನೆಟ್ಟಗೆ ಕುಳಿತರು.

ಚಿತ್ರಗಳ ಮಾತು. ಬೆಂಗಳೂರಿನ ರಾಷ್ಟ್ರೀಯ ಕಲಾಸಂಗ್ರಹಾಲಯವು ಇಲ್ಲಿಂದ 500 ಕಿಲೋಮೀಟರಿಗೂ ಆಚೆ. ಅದಕ್ಕೆಂದೇ ಚಿತ್ರಕಾರರು ತಮ್ಮ ಪಟಗಳನ್ನು ನಮ್ಮ ಪ್ರಾರ್ಥನಾ ಮಂದಿರದ ಗೋಡೆಗೆ ತೂಗುಹಾಕಲೊಪ್ಪಿದ್ದು ಉಪಕಾರ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಈ ಸೀಮೆಯ ದಂಡೆಯ ಊರುಗಳನ್ನು ಮುಳುಗಿಸಿದ ಬಳಿಕ ನಡೆದ ಪ್ರದರ್ಶನದಲ್ಲಿ, ಆ ಊರುಗಳ ಹುಡುಗಿಯರು ಬರೆದವುಗಳನ್ನೂ ಪಕ್ಕದಲ್ಲಿಟ್ಟೆವು. ಒಬ್ಬಳು ಇಡೀ ಹಾಳೆಗೆ ಕೆಂದು ಬಣ್ಣ ಬಳಿದು, ಮೇಲಂಚಿನಲ್ಲಿ ಎಮ್ಮೆಯ ಎರಡು ಕೋಡುಗಳನ್ನಷ್ಟೇ ಬರೆದಿದ್ದಳು. ಬಾಯಿಬಿಟ್ಟು ಹೇಳಿರದ ಹುಡುಗಿ! ಬಂದ ಚಿತ್ರಕಾರರು ತಮ್ಮ ಪಟಗಳನ್ನು ಬಿಟ್ಟು ಅದರ ಮುಂದೆಯೇ ಬಹಳ ಹೊತ್ತು ನಿಂತರು.

ಮೇಳದವರ ಪ್ರಯಾಣ, ಊಟ, ಸಂಭಾವನೆಗೆ ಹಣ ಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಕೇಳಲು ನಮಗೆ ನಾಚಿಕೆಯಿಲ್ಲ. ನಿಪ್ಪಾಣಿಯ ತಾಯಂದಿರಿಗೊಂದು ವಿನಂತಿ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವವರಿಗೆ ಅರ್ಧ ದಿನವೆಂದರೆ ಏನೆಂಬುದನ್ನು ನಾವು ಬಲ್ಲೆವು. ಅದಕ್ಕಾಗಿ ಮುಂದಿನ ಆಟವನ್ನು ಶನಿವಾರದ ಇಳಿಹೊತ್ತಿಗೆ ಇಟ್ಟಿದ್ದೇವೆ. ತಾವೂ ಬರಬೇಕು. ಕುರ್ಚಿಗಳು ಸಾಲವು, ಬರುವಾಗ ಚಾಪೆಯೊಂದನ್ನು ತಂದರೆ ಉಪಕಾರವಾದೀತು.